ವಿಕಿ ಕೊಂಡಿಯಲ್ಲಿ ಎರಡು ಸಲ ಬಂದ ಹೆಸರು: ಒಂದೇ ಏಟಿಗೆ ತೆಗೆಯುವುದು ಹೇಗೆ?

ವಿಕಿಪೀಡಿಯದ ಲೇಖನಗಳ ಮೂಲಪಠ್ಯದಲ್ಲಿ [[ಮೈಸೂರು|ಮೈಸೂರು]] ಎಂಬಂಥ ಕೊಂಡಿಗಳು ಕಣ್ಣಿಗೆ ಬೀಳುವುದುಂಟು. ನಡುವಿನ | ಗೆರೆಯ ಎಡಕ್ಕಿರುವುದು ಪುಟದ ಹೆಸರು, ಬಲಕ್ಕಿರುವುದು ಓದುಗರಿಗೆ ಕಾಣುವ ಪದ. ಎರಡೂ ಒಂದೇ ಆದರೆ [[ಮೈಸೂರು]] ಅಂತ ಬರೆದರೆ ಸಾಕಲ್ವಾ? ಆದರೆ [[ಮೈಸೂರು|ಮೈಸೂರಿನಲ್ಲಿ]] ಎಂದಿದ್ದರೆ ಮುಟ್ಟುವಂತಿಲ್ಲ. ವಿಭಕ್ತಿ ಸೇರಿದೆಯಲ್ಲ, ಅಲ್ಲಿ ಗೆರೆ ಬೇಕೇ ಬೇಕು.

ಮಾಮೂಲಿ ಹುಡುಕಾಟದಲ್ಲಿ ಒಂದೊಂದು ಹೆಸರನ್ನೂ ಬೇರೆ ಬೇರೆಯಾಗಿ ಹುಡುಕುತ್ತ ಕೂರಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್ (ಚಿಕ್ಕದಾಗಿ ರೆಜೆಕ್ಸ್) ಬಳಸಿದರೆ ಆ ತಾಪತ್ರಯವಿಲ್ಲ. ಪದವನ್ನಲ್ಲ, ಪದ ಕೂತಿರುವ ರೀತಿಯನ್ನು ಹುಡುಕುವ ವಿಧಾನ ಇದು. ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್ ಖ್ಯಾತಿಯ ಕೆನ್ ಥಾಂಪ್ಸನ್ 1960ರ ದಶಕದಲ್ಲೇ ಇದನ್ನು ಪಠ್ಯ ತಿದ್ದುವ ಎಡಿಟರ್ ಒಳಗೆ ತಂದಿದ್ದರು.

ಮೂಲಪಠ್ಯವನ್ನು ಕಾಪಿ ಮಾಡಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಎಡಿಟರ್‌ಗೆ ಹಾಕಿ. ಕಂಟ್ರೋಲ್ ಜೊತೆ ಎಚ್ ಒತ್ತಿ. ತೆರೆದುಕೊಳ್ಳುವ ಕಿಟಕಿಯ ಕೆಳಗೆ ಸರ್ಚ್ ಮೋಡ್‌ನಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಆರಿಸಿ. ಇದನ್ನು ಮರೆತರೆ ಏನೂ ಸಿಗುವುದಿಲ್ಲ.

ಹುಡುಕುವ ಜಾಗದಲ್ಲಿ:

\[\[([^\[\]|]+)\|\1\]\]

ಬದಲಿಸುವ ಜಾಗದಲ್ಲಿ:

[[$1]]

ನೋಡಿದರೆ ಗಾಬರಿಯಾಗುತ್ತದೆ, ಬಿಡಿಸಿದರೆ ಸುಲಭ. ಚೌಕ ಆವರಣಕ್ಕೂ ಗೆರೆಗೂ ರೆಜೆಕ್ಸ್‌ನಲ್ಲಿ ಬೇರೆ ಕೆಲಸವಿದೆ. ಹಿಂದೆ \ ಇಟ್ಟರೆ ಅವು ಬರೀ ಚಿಹ್ನೆ. [^\[\]|]+ ಅಂದರೆ ಆವರಣವಾಗಲೀ ಗೆರೆಯಾಗಲೀ ಇಲ್ಲದ ಅಕ್ಷರಗಳ ಸಾಲು. ಅದರ ಸುತ್ತಲಿನ ದುಂಡು ಆವರಣ ಸಿಕ್ಕಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಇನ್ನು \1, ಇಡೀ ಸಾಲಿನ ಜೀವ ಇರುವುದೇ ಇಲ್ಲಿ: 'ಈಗ ನೆನಪಿಟ್ಟಿದ್ದೇ ಇಲ್ಲೂ ಬರಬೇಕು' ಎಂಬ ಷರತ್ತು. ಹಾಗಾಗಿ 'ಮೈಸೂರಿನಲ್ಲಿ' ತಾನಾಗಿಯೇ ಬಚಾವ್. ಬದಲಿಸುವಾಗ ಆ ನೆನಪಿನ ಹೆಸರು $1.

ನಡುವಿನ ಭಾಗಕ್ಕೆ [ಅ-ಹ]+ ಹಾಕಿದರೆ ಸಾಲದೇ ಅಂತ ಅನಿಸಬಹುದು. ಸಾಲದು. ಕಂಪ್ಯೂಟರಿಗೆ 'ಮೈ' ಒಂದು ಅಕ್ಷರವಲ್ಲ, ಮ ಮತ್ತು ಐತ್ವ ಸೇರಿ ಎರಡು. 'ಸ್ತ್ರೀ' ಆರು! ಗುಣಿತದ ಚಿಹ್ನೆಗಳು ಅ-ಹ ವ್ಯಾಪ್ತಿಯ ಆಚೆಗಿವೆ. ಕನ್ನಡದಲ್ಲಿ ಏನು ಬರಬೇಕು ಅನ್ನುವುದಕ್ಕಿಂತ ಏನು ಬರಬಾರದು ಅಂತ ಹೇಳುವುದೇ ಕ್ಷೇಮ.

ಸೀದಾ ರಿಪ್ಲೇಸ್ ಆಲ್ ಒತ್ತಬೇಡಿ. ಫೈಂಡ್ ನೆಕ್ಸ್ಟ್ ಒತ್ತುತ್ತ ನಾಲ್ಕಾರು ಕಡೆ ಸರಿಯಾದದ್ದೇ ಸಿಗುತ್ತಿದೆಯಾ ನೋಡಿ, ಆಮೇಲೆ ಎಲ್ಲ ಬದಲಿಸಿ. ಎಡವಟ್ಟಾದರೆ ಕಂಟ್ರೋಲ್ ಜೊತೆ ಝಡ್ ಇದ್ದೇ ಇದೆ.

ಎರಡೂ ಬದಿ ಒಂದೇ ಥರ ಕಂಡರೂ ಕೆಲವು ಕೊಂಡಿ ಹಾಗೇ ಉಳಿಯಬಹುದು. ಆಗ ಅರ್ಧಾಕ್ಷರದಲ್ಲಿ ಮುಗಿಯುವ ಪದಗಳ ತುದಿ ನೋಡಿ. ಕೆಲವು ಕೀಬೋರ್ಡ್‌ಗಳು ಅಲ್ಲಿ ಕಣ್ಣಿಗೆ ಕಾಣದ ಜೀರೋ ವಿಡ್ತ್ ನಾನ್ ಜಾಯಿನರ್ ಸೇರಿಸಿಬಿಡುತ್ತವೆ. ಅದು ಒಂದು ಬದಿಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ \1 ಒಪ್ಪುವುದಿಲ್ಲ. ಅಂಥವನ್ನು ಕೈಯಲ್ಲೇ ತಿದ್ದಿ.

ಪಠ್ಯವನ್ನು ವಿಕಿಗೆ ವಾಪಸ್ ಹಾಕಿದ ಮೇಲೆ, ಉಳಿಸುವ ಮುನ್ನ ಬದಲಾವಣೆಗಳನ್ನು ತೋರಿಸುವ ಗುಂಡಿ ಒತ್ತಿ ಹಳೆಯದು, ಹೊಸದು ಹೋಲಿಸಿ. ಈ ತಿದ್ದುಪಡಿಯಿಂದ ಓದುಗರಿಗೆ ಕಾಣುವ ಪುಟ ಒಂಚೂರೂ ಬದಲಾಗುವುದಿಲ್ಲ. ಇದೊಂದಕ್ಕೇ ಅಂತ ಸುಮ್ನೆ ಸಂಪಾದನೆ ಮಾಡುವ ಬದಲು, ಕಾಗುಣಿತವನ್ನೋ ಉಲ್ಲೇಖವನ್ನೋ ತಿದ್ದುವಾಗ ಜೊತೆಗೆ ಇದನ್ನೂ ಮುಗಿಸಿಬಿಡಿ.