ಫಿಂಗರ್ ರಾಕ್ ದಾರಿಯಲ್ಲಿ ಮೌಂಟ್ ಕಿಂಬಲ್: ನಾನು ಹತ್ತುವ ರೀತಿ

ಅಮೆರಿಕದ ಅರಿಜೋನಾ ರಾಜ್ಯದ ಟೂಸಾನ್ ಊರಿಗೆ ಉತ್ತರದಲ್ಲಿ ಗೋಡೆಯ ಹಾಗೆ ನಿಂತಿರುವುದು ಸಾಂಟಾ ಕ್ಯಾಟಲಿನಾ ಬೆಟ್ಟಸಾಲು. 2,791 ಮೀಟರ್ ಎತ್ತರದ ಮೌಂಟ್ ಲೆಮ್ಮನ್ ಕಡೆಗೆ ಒಳ್ಳೆಯ ರಸ್ತೆಯಿದೆ, ಕಾರಲ್ಲೇ ಹೋಗಿಬರಬಹುದು. ಆದರೆ ಊರಿಗೆ ಮುಖ ಮಾಡಿರುವ ಕಡಿದಾದ ಭಾಗ ಪುಶ್ ರಿಡ್ಜ್ ವೈಲ್ಡರ್‌ನೆಸ್. ಸುಮಾರು 57 ಸಾವಿರ ಎಕರೆ, 1978ರಿಂದ ರಕ್ಷಿತ. ಸೈಕಲ್ಲನ್ನೂ ಒಳಗೆ ಬಿಡುವುದಿಲ್ಲ. ನನಗೆ ಇಷ್ಟವಾಗುವುದು ಈ ಭಾಗವೇ.

ಆಲ್ವರ್ನನ್ ರಸ್ತೆಯಲ್ಲಿ ಮನೆಗಳು ಮುಗಿಯುವಲ್ಲಿ ಫಿಂಗರ್ ರಾಕ್ ಟ್ರೇಲ್ ಶುರು. ಇದೇ ಭಾಗದಲ್ಲಿರುವ ಮೌಂಟ್ ಕಿಂಬಲ್ ಬೆಟ್ಟದ ತುದಿಗೆ 8 ಕಿಲೋಮೀಟರ್, ಏರು 1,200 ಮೀಟರ್‌ಗಿಂತ ಜಾಸ್ತಿ. ಕುಮಾರಪರ್ವತ ಹತ್ತಿದವರಿಗೆ ಏರು ದೊಡ್ಡದಲ್ಲ. ಆದರೆ ಅರ್ಧ ದಾರಿಯಲ್ಲಿ ಅನ್ನ-ಸಾರು ಬಡಿಸುವ ಮನೆ ಇಲ್ಲಿಲ್ಲ, ನಂಬಬಹುದಾದ ನೀರೂ ಇಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ಹೋಗುತ್ತೇನೆ, ಆಗಲೂ ನಾಲ್ಕು ಲೀಟರ್ ಹೊರುತ್ತೇನೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು ಇದು. ಸುಮ್ನೆ ಹಟ ಬೇಡ.

ಎಷ್ಟು ಎತ್ತರಕ್ಕೆ ಬಂದೆ ಅಂತ ತಿಳಿಯಲು ನಾನು ಫೋನ್ ತೆಗೆಯುವುದು ಕಡಿಮೆ, ಗಿಡ ನೋಡುತ್ತೇನೆ. ಕೆಳಗೆಲ್ಲ ಕಂಬದಂಥ ಸವಾರೊ ಕಳ್ಳಿ, ನಮ್ಮ ಪಾಪಸುಕಳ್ಳಿಯ ಜಾತಿಯವು. 1,200ರಿಂದ 1,400 ಮೀಟರ್ ಆಗುತ್ತಿದ್ದಂತೆ ಸವಾರೊ ವಿರಳವಾಗುತ್ತವೆ. ಹಗಲೂ ಬಿಡದ ಹಿಮಗಟ್ಟುವ ಚಳಿ ಅವಕ್ಕೆ ಆಗದು. ಆಮೇಲೆ ಓಕ್, ಜೂನಿಪರ್. ತುದಿಯ ಹತ್ತಿರ ಪಾಂಡರೋಸಾ ಪೈನ್ ಬಂತೆಂದರೆ ಜಾಕೆಟ್ ಹಾಕಿಕೊಳ್ಳುವ ಹೊತ್ತು.

ಬ್ಯಾಗಿನಲ್ಲಿ ಬಾಚಣಿಗೆ ಇರಲೇಬೇಕು. ನಗಬೇಡಿ. ಇಲ್ಲಿ ಚೋಯಾ ಅನ್ನುವ ಕಳ್ಳಿಯಿದೆ. ತಾಗಿದರೆ ಸಾಕು, ಒಂದು ಗೆಣ್ಣು ಕಳಚಿ ಮೈಗೆ ಅಂಟುತ್ತದೆ. ಮುಳ್ಳಿನ ತುದಿ ಹಿಮ್ಮುಖ ಕೊಕ್ಕೆ. ಕೈಯಲ್ಲಿ ಕೀಳಲು ಹೋದರೆ ಆ ಕೈಗೂ ಹತ್ತಿಕೊಳ್ಳುತ್ತದೆ. ಚರ್ಮಕ್ಕೂ ಗೆಣ್ಣಿಗೂ ನಡುವೆ ಬಾಚಣಿಗೆ ತೂರಿಸಿ, ಪಕ್ಕದವರಿಲ್ಲದ ಕಡೆಗೆ ಒಮ್ಮೆಲೇ ಚಿಮ್ಮಿಸಬೇಕು. ಉಳಿದ ಮುಳ್ಳಿಗೆ ಚಿಮುಟ. ಮೇಲೆ ಹೋದಂತೆ ಮೊಣಕಾಲಿನ ಕೆಳಗೆ ಚುಚ್ಚುವ ಗಿಡ್ಡ ಕತ್ತಾಳೆ ಸಿಗುತ್ತದೆ, ದಪ್ಪ ಪ್ಯಾಂಟೇ ಮದ್ದು.

ನಾಯಿ ಕರೆದೊಯ್ಯುವಂತಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ದಾರಿಯಿಂದ 120 ಮೀಟರ್‌ಗಿಂತ ಆಚೆ ಹೋಗುವಂತಿಲ್ಲ. ಅದು ಬಿಗ್‌ಹಾರ್ನ್ ಕಾಡುಕುರಿ ಮರಿ ಹಾಕುವ ಕಾಲ. 1990ರ ದಶಕದಲ್ಲಿ ಇಲ್ಲಿಂದ ಮರೆಯಾಗಿದ್ದ ಈ ಕುರಿಗಳನ್ನು 2013ರಲ್ಲಿ ಮತ್ತೆ ತಂದು ಬಿಟ್ಟರು. ನಿಯಮ ಜಾಸ್ತಿ ಆಯ್ತು ಅಂತ ಗೊಣಗುವವರಿದ್ದಾರೆ. ನನಗೇನೂ ಹಾಗನ್ನಿಸಿಲ್ಲ, ಬೈನಾಕ್ಯುಲರ್ ಇದ್ದರೆ ದಾರಿಯಲ್ಲೇ ಕೂತು ಬಂಡೆಗಳ ಮೇಲೆ ಕುರಿ ಹುಡುಕಬಹುದು.

ನಿಜವಾದ ಭಯ ಬೆಂಕಿಯದ್ದು. 2020ರ ಜೂನ್‌ನಲ್ಲಿ ಸಿಡಿಲಿನಿಂದ ಹತ್ತಿದ, ಬಿಗ್‌ಹಾರ್ನ್ ಎಂದೇ ಹೆಸರಾದ ಬೆಂಕಿ ಈ ಸಾಲಿನಲ್ಲಿ ಸುಮಾರು 1,20,000 ಎಕರೆಗೆ ಹಬ್ಬಿತು. ಆಫ್ರಿಕಾದಿಂದ ಬಂದ ಬಫೆಲ್ ಹುಲ್ಲು ಕಳ್ಳಿಗಳ ನಡುವೆ ಒತ್ತಾಗಿ ಬೆಳೆದು ಬೆಂಕಿಗೆ ದಾರಿ ಮಾಡಿಕೊಡುತ್ತದೆ. ಸವಾರೊಗೆ ಬೆಂಕಿ ತಡೆಯುವ ಶಕ್ತಿಯಿಲ್ಲ. ಸ್ವಯಂಸೇವಕರು ಆ ಹುಲ್ಲನ್ನು ಬೇರುಸಮೇತ ಅಗೆದು ತೆಗೆಯುತ್ತಾರೆ.

ಮಧ್ಯಾಹ್ನ 12ರೊಳಗೆ ತುದಿ ಸಿಗದಿದ್ದರೆ ವಾಪಸ್. ಡಿಸೆಂಬರ್‌ನಲ್ಲಿ ಐದೂವರೆಗೆಲ್ಲ ಹೊತ್ತು ಮುಳುಗಿರುತ್ತದೆ, ಇಳಿಯುವ ದಾರಿ ಪೂರ್ತಿ ಸಡಿಲ ಕಲ್ಲು. ಮಂಡಿ ನೋವಿದ್ದವರು ಕೋಲು ತರಲೇಬೇಕು.