ಜಕ್ಕೂರಿನಲ್ಲಿ ಕಲಿತು ಕ್ಯಾಲಿಫೋರ್ನಿಯಾದಲ್ಲಿ ಹಾರಿದ್ದು: ನನ್ನ ಅನುಭವ

ರಜೆಗೆ ಅಮೆರಿಕಕ್ಕೆ ಹೊರಟ, ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಇರುವ ಗೆಳೆಯರು ನನ್ನನ್ನು ಮೊದಲು ಕೇಳುವುದು ಒಂದೇ: ‘ಅಲ್ಲಿ ಮತ್ತೆ ಪರೀಕ್ಷೆ ಬರೀಬೇಕಾ?’ ಬೇಡ. ಅಲ್ಲಿನ 61.75 ನಿಯಮದ ಪ್ರಕಾರ, ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ಲೈಸೆನ್ಸ್ ಆಧಾರದ ಮೇಲೆ ಅಲ್ಲಿನ ನಿಯಂತ್ರಕ ಎಫ್‌ಎಎ ಒಂದು ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಕೊಡುತ್ತದೆ. ಸ್ವಂತ ಖುಷಿಗೆ ಹಾರಲು ಅಷ್ಟು ಸಾಕು. ಆದರೆ ಟಿಕೆಟ್ ಬುಕ್ ಮಾಡುವ ಮೊದಲೇ ಕಾಗದ ಪತ್ರದ ಕೆಲಸಕ್ಕೆ ಕೈ ಹಾಕಬೇಕು.

ಮೊದಲನೆಯದು 8060-71 ಅನ್ನುವ ಫಾರ್ಮ್. ಅದರ ಜೊತೆ ಲೈಸೆನ್ಸ್, ಮೆಡಿಕಲ್ (ವೈದ್ಯಕೀಯ ಸರ್ಟಿಫಿಕೇಟ್), ಗುರುತಿನ ಚೀಟಿಯ ಪ್ರತಿಗಳನ್ನು ಒಕ್ಲಹೋಮ ಸಿಟಿಯ ಎಫ್‌ಎಎ ಕಚೇರಿಗೆ ಕಳಿಸಬೇಕು. ಅವರು ಡಿಜಿಸಿಎಗೆ ಬರೆದು ‘ಈ ಲೈಸೆನ್ಸ್ ನಿಮ್ಮದೇನಾ?’ ಎಂದು ಕೇಳುತ್ತಾರೆ. ಹೌದು ಎಂಬ ಉತ್ತರ ಬಂದಮೇಲೆ ನಮಗೆ ಒಂದು ಪತ್ರ ಬರುತ್ತದೆ. ಇದಕ್ಕೆ 45ರಿಂದ 90 ದಿನ ಹಿಡಿಯಬಹುದು. ಪತ್ರ 6 ತಿಂಗಳು ಮಾತ್ರ ನಡೆಯುತ್ತದೆ. ಹಾಗಾಗಿ ತೀರಾ ಬೇಗ ಹಾಕಿದರೂ ಕಷ್ಟ, ತಡ ಮಾಡಿದರೂ ಕಷ್ಟ. ಅಲ್ಲಿನ ಯಾವ ಎಫ್‌ಎಸ್‌ಡಿಒಗೆ (ಎಫ್‌ಎಎಯ ಸ್ಥಳೀಯ ಕಚೇರಿ) ಹೋಗುತ್ತೀರಿ ಅನ್ನುವುದನ್ನೂ ಫಾರ್ಮಿನಲ್ಲೇ ಬರೆಯಬೇಕು.

ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಅಂದರೆ ಹೆಸರು. ಲೈಸೆನ್ಸಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಸರ್‌ನೇಮ್ ಜಾಗ ಖಾಲಿ. ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಸರ್‌ನೇಮ್ ಆಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬರುತ್ತದೆ. ನಾನು ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸುವಾಗಲೇ ಸರ್‌ನೇಮ್ ಬೇರೆ ಮಾಡಿಸಿ ಲೈಸೆನ್ಸಿಗೆ ಹೊಂದಿಸಿಕೊಂಡಿದ್ದೆ. ಎಫ್‌ಎಎ ಅರ್ಜಿಯಲ್ಲಿ ಮಧ್ಯದ ಹೆಸರು ಇಲ್ಲದವರು ‘ಎನ್‌ಎಂಎನ್’ (ನೋ ಮಿಡಲ್ ನೇಮ್) ಎಂದು ಬರೆಯಬೇಕು. ಬರೀ ಇನಿಷಿಯಲ್ ಇದ್ದರೆ ‘ಇನಿಷಿಯಲ್ ಓನ್ಲಿ’. ಪಾಪ, ಅವರೂ ನಮ್ಮಂಥವರನ್ನು ನೋಡಿದ್ದಾರೆ!

2025ರಿಂದ ಇನ್ನೊಂದು ಸೇರಿಕೊಂಡಿದೆ. ಅಮೆರಿಕದಲ್ಲಿ ವಿಳಾಸ ಇಲ್ಲದವರು ಅಲ್ಲಿರುವ ಒಬ್ಬರನ್ನು ‘ಯುಎಸ್ ಏಜೆಂಟ್’ ಎಂದು ಹೆಸರಿಸಬೇಕು. ಎಫ್‌ಎಎಯ ನೋಟಿಸುಗಳನ್ನು ನಮ್ಮ ಪರವಾಗಿ ತೆಗೆದುಕೊಳ್ಳುವವರು ಇವರು. ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ, ಮನೆ ಅಥವಾ ಕಚೇರಿಯ ವಿಳಾಸವೇ ಬೇಕು. ಸ್ಯಾನ್ ಹೋಸೆಯಲ್ಲಿರುವ ನಮ್ಮಕ್ಕನ ಮಗ ‘ಮಾಮ, ಇದರಿಂದ ನಂಗೇನೂ ತೊಂದ್ರೆ ಇಲ್ಲ ತಾನೆ?’ ಎಂದು ಎರಡು ಸಲ ಕೇಳಿ ಒಪ್ಪಿಕೊಂಡ.

ಎಫ್‌ಎಸ್‌ಡಿಒಗೆ ಅಪಾಯಿಂಟ್‌ಮೆಂಟ್ ಇಲ್ಲದೆ ಸುಮ್ನೆ ಹೋಗಬೇಡಿ. ಎಫ್‌ಎಎಯ ಆನ್‌ಲೈನ್ ವ್ಯವಸ್ಥೆ ಐಎಸಿಆರ್‌ಎಯಲ್ಲಿ ಅರ್ಜಿ ತುಂಬಿಕೊಂಡು, ಆ ಪತ್ರ, ಪಾಸ್‌ಪೋರ್ಟ್, ಲೈಸೆನ್ಸ್, ಮೆಡಿಕಲ್, ಲಾಗ್‌ಬುಕ್ ಎಲ್ಲದರ ಮೂಲ ಪ್ರತಿ ಹಿಡಿದು ಹೋದೆ. ಅಧಿಕಾರಿ ಒಂದೊಂದನ್ನೂ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿದರು. ಮಾತಾಡಿಸಿ ಇಂಗ್ಲಿಷ್ ಬರುತ್ತದಾ ಎಂದು ನೋಡಿಕೊಂಡರು. ಕೈಗೆ ಸಿಕ್ಕಿದ್ದು 120 ದಿನದ ತಾತ್ಕಾಲಿಕ ಕಾಗದ. ಪ್ಲಾಸ್ಟಿಕ್ ಕಾರ್ಡ್ ಆಮೇಲೆ ಅಂಚೆಯಲ್ಲಿ ಬರುತ್ತದೆ.

ಅಷ್ಟಾದರೂ ವಿಮಾನದ ಕೀಲಿ ಕೈಗೆ ಬರುವುದಿಲ್ಲ. ಪೈಲಟ್ ಇನ್ ಕಮಾಂಡ್ (ಹಾರಾಟದ ಪೂರ್ತಿ ಹೊಣೆ ಹೊತ್ತ ಪೈಲಟ್) ಆಗಬೇಕಾದರೆ ಇನ್‌ಸ್ಟ್ರಕ್ಟರ್ ಜೊತೆ ಫ್ಲೈಟ್ ರಿವ್ಯೂ ಆಗಿರಬೇಕು. ಕನಿಷ್ಠ 1 ಗಂಟೆ ನೆಲದಲ್ಲಿ, 1 ಗಂಟೆ ಗಾಳಿಯಲ್ಲಿ. ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನಲ್ಲಿ ಇನ್‌ಸ್ಟ್ರಕ್ಟರ್ ಚಾರ್ಟ್ ಹರಡಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಲಾಸ್ ಬ್ರಾವೋ (ದೊಡ್ಡ ವಿಮಾನ ನಿಲ್ದಾಣದ ಸುತ್ತಲಿನ ನಿಯಂತ್ರಿತ ವಾಯುಪ್ರದೇಶ) ಗೆರೆಗಳ ಮೇಲೆ ಬೆರಳಿಟ್ಟು ಕೇಳುತ್ತಲೇ ಹೋದರು. ಕಂಟ್ರೋಲರ್ ನಿಮ್ಮ ಕಾಲ್‌ಸೈನ್ (ರೇಡಿಯೋದಲ್ಲಿ ವಿಮಾನದ ಗುರುತು) ಹೇಳಿ ‘ಸ್ಟ್ಯಾಂಡ್‌ಬೈ’ ಅಂದರೆ ಕ್ಲಾಸ್ ಡೆಲ್ಟಾಗೆ (ಟವರ್ ಇರುವ ಚಿಕ್ಕ ನಿಲ್ದಾಣದ ಸುತ್ತಲಿನ ವಾಯುಪ್ರದೇಶ) ಹೋಗಬಹುದು. ಬ್ರಾವೋಗೆ ಹಾಗಲ್ಲ, ‘ಕ್ಲಿಯರ್ಡ್’ ಅನ್ನುವ ಮಾತು ಕಿವಿಗೆ ಬೀಳಲೇಬೇಕು. ಸೆಸ್ನಾ 172 ನಮಗೆ ಹೊಸದಲ್ಲ, ಈ ಆಕಾಶ ಹೊಸದು.

ಭಾರತದಲ್ಲಿ ಫ್ಲೈಟ್ ಪ್ಲಾನ್, ಎಫ್‌ಐಸಿ (ಹಾರಾಟ ಮಾಹಿತಿ ಕೇಂದ್ರ) ನಂಬರ್, ಎಡಿಸಿ (ವಾಯು ರಕ್ಷಣಾ ಅನುಮತಿ) ನಂಬರ್ ಅಂತ ಕಾದು ರೂಢಿಯಾದವರಿಗೆ ಅಲ್ಲಿನ ಸಲೀಸು ನಂಬಲಿಕ್ಕಾಗುವುದಿಲ್ಲ. ಹಗಲಲ್ಲಿ ವಿಎಫ್‌ಆರ್ (ಕಣ್ಣಿಗೆ ಕಾಣುವುದನ್ನು ನೋಡಿಕೊಂಡು ಹಾರುವ) ಹಾರಾಟಕ್ಕೆ ಫ್ಲೈಟ್ ಪ್ಲಾನೂ ಕಡ್ಡಾಯವಲ್ಲ. ದೇಶದೊಳಗೆ ಹಾರಲು ರೇಡಿಯೋ ಲೈಸೆನ್ಸೂ ಬೇಡ. ನಮ್ಮ ರೇಡಿಯೋ ಲೈಸೆನ್ಸಿನ ಆರ್‌ಟಿಆರ್ ಪರೀಕ್ಷೆಗೆ ನಾವು ಸುರಿಸಿದ ಬೆವರು ನೆನಪಾಗುತ್ತದೆ, ಅಲ್ವಾ?

ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಆ ಸರ್ಟಿಫಿಕೇಟಿನ ಮೇಲೆ ನಮ್ಮ ಭಾರತೀಯ ಲೈಸೆನ್ಸ್ ನಂಬರೇ ಅಚ್ಚಾಗಿರುತ್ತದೆ. ಅದು ಜೊತೆಗಿಲ್ಲದಿದ್ದರೆ ಇದಕ್ಕೆ ಬೆಲೆ ಇಲ್ಲ. ಭಾರತೀಯ ಲೈಸೆನ್ಸಿನ ಮಿತಿಗಳೆಲ್ಲ ಈ ಸರ್ಟಿಫಿಕೇಟಿಗೂ ಅನ್ವಯ. ನನಗೆ ನೈಟ್ ರೇಟಿಂಗ್ (ರಾತ್ರಿ ಹಾರುವ ಅರ್ಹತೆ) ಇಲ್ಲ, ಅಲ್ಲೂ ಸೂರ್ಯ ಮುಳುಗುವುದರೊಳಗೆ ಇಳಿಯುತ್ತಿದ್ದೆ. ನಮ್ಮ ಕ್ಲಾಸ್ 2 ಮೆಡಿಕಲ್ ಅಲ್ಲಿಯೂ ನಡೆಯುತ್ತದೆ. ಅದರ ಅವಧಿ ಪ್ರವಾಸದ ಮಧ್ಯೆ ಮುಗಿಯುವಂತಿದ್ದರೆ ಇಲ್ಲಿಂದ ಹೊರಡುವ ಮೊದಲೇ ಮಾಡಿಸಿಕೊಂಡು ಹೋಗಿ.