ಆದಾಯ ತೆರಿಗೆ ರಿಟರ್ನ್ ತಡವಾದಾಗ ಹಾಕುವ ಮನ್ನಾ ಅರ್ಜಿ: ನನ್ನ ಅನುಭವ

ಜುಲೈ ಬಂತೆಂದರೆ ನಮ್ಮ ಪ್ರೆಸ್ಸಿಗೆ ಬಿಲ್ ಬುಕ್ ಮಾಡಿಸಲು ಬರುವ ವ್ಯಾಪಾರಿಗಳು ಒಂದೇ ಪ್ರಶ್ನೆ ಕೇಳುತ್ತಾರೆ: "ಲೆಕ್ಕ ಇನ್ನೂ ಮುಗಿದಿಲ್ಲ. ಒಂದು ತಿಂಗಳು ಟೈಮ್ ಕೊಡಿ ಅಂತ ಐಟಿಯವರಿಗೆ ಬರೆದುಕೊಟ್ರೆ ನಡೆಯಲ್ವಾ?"

ನಡೆಯಲ್ಲ. ಅಮೆರಿಕದಲ್ಲಿ ಒಂದು ಫಾರಂ ಹಾಕಿದರೆ ಆರು ತಿಂಗಳು ಸಿಗುತ್ತದೆ, ಕಾರಣವನ್ನೂ ಕೇಳುವುದಿಲ್ಲ. ನಮ್ಮಲ್ಲಿ ನೇರ ತೆರಿಗೆ ಮಂಡಳಿ ಕೊನೆ ದಿನ ಮುಂದೂಡಿದರೆ ಎಲ್ಲರಿಗೂ ಮುಂದೂಡುತ್ತದೆ, ನಿಮಗೊಬ್ಬರಿಗೇ ಮೊದಲೇ ಟೈಮ್ ಕೊಡುವುದಿಲ್ಲ. ತಡವಾದ ಮೇಲೆ ಅದನ್ನು ಮನ್ನಿಸಿ ಅಂತ ಕೇಳಬಹುದು, ಅಷ್ಟೇ. ನನ್ನ ರಿಟರ್ನ್ ವರ್ಷಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 119(2)(ಬಿ) ಕಲಂ ಇರುವುದು ಇದಕ್ಕೇ. ನಾನು ಅರ್ಜಿ ಹಾಕಿದ್ದು ಅದರಡಿಯಲ್ಲಿ.

ದಾವಣಗೆರೆಯಲ್ಲಿ ನಮ್ಮದು ಸಣ್ಣ ಆಫ್‌ಸೆಟ್ ಪ್ರೆಸ್. 2023ರ ಮೇ ತಿಂಗಳ ವಿಧಾನಸಭೆ ಚುನಾವಣೆಗೆ ರಾಶಿ ರಾಶಿ ಕರಪತ್ರ ಹೊಡೆದೆವು. ಗೆದ್ದವರು ಪೂರ್ತಿ ದುಡ್ಡು ಕೊಡಲಿಲ್ಲ, ಸೋತವರಂತೂ ಫೋನೇ ಎತ್ತಲಿಲ್ಲ. ವರ್ಷದ ಕೊನೆಗೆ ಆ ಬಾಕಿಯನ್ನು ಬ್ಯಾಡ್ ಡೆಟ್, ಅಂದರೆ ಇನ್ನು ಬಾರದ ದುಡ್ಡು ಅಂತ ಬರೆದು ಹಾಕಿದೆ. 2023-24ಕ್ಕೆ ನಾಲ್ಕು ಲಕ್ಷ ಚಿಲ್ಲರೆ ನಷ್ಟ. 2024ರ ಜುಲೈ 31ರೊಳಗೆ ರಿಟರ್ನ್ ಹಾಕಿದರೆ ಈ ನಷ್ಟವನ್ನು ಮುಂದಿನ ಎಂಟು ವರ್ಷ ವ್ಯಾಪಾರದ ಲಾಭದಲ್ಲಿ ಕಳೆದುಕೊಳ್ಳಬಹುದು. ತಡವಾದರೆ ಆ ಹಕ್ಕು ಹೋಯಿತು. ನಷ್ಟದಲ್ಲಿ ಸವಕಳಿಯ (ಮೆಷಿನ್ ಸವೆತಕ್ಕೆ ಕಳೆಯುವ ಮೊತ್ತದ) ಭಾಗ ಮಾತ್ರ ಉಳಿಯುತ್ತದೆ.

ಜುಲೈ ಮೊದಲ ವಾರ ಹೈವೇಯಲ್ಲಿ ಬೈಕಿಗೆ ಲಾರಿ ತಾಗಿತು. ತೊಡೆ ಮೂಳೆಗೆ ರಾಡ್ ಹಾಕಿದರು. ಅದಕ್ಕೆ ಸೋಂಕಾಗಿ ಇನ್ನೊಂದು ಆಪರೇಷನ್. ಪ್ರೆಸ್ಸಿನ ಲೆಕ್ಕ ಬರೆಯುತ್ತಿದ್ದವನು ನಾನೊಬ್ಬನೇ. ವಾಕರ್ ಬಿಡುವ ಹೊತ್ತಿಗೆ ಡಿಸೆಂಬರ್ 31ರ ಗಡುವೂ ದಾಟಿತ್ತು. ಆ ವರ್ಷ ಅದನ್ನು 2025ರ ಜನವರಿ 15ಕ್ಕೆ ಮುಂದೂಡಿದ್ದರು. ಆದರೆ ಅದು ಬಿಲೇಟೆಡ್, ಅಂದರೆ ಮೊದಲ ಗಡುವು ದಾಟಿದ ಮೇಲೆ ಹಾಕುವ ರಿಟರ್ನ್‌ಗೆ ಕೊಟ್ಟ ಟೈಮು, ಅದರಲ್ಲಿ ಹಾಕಿದರೂ ನಷ್ಟ ಮುಂದಕ್ಕೆ ಹೋಗುವುದಿಲ್ಲ. ಲಾಭ ಇರುವವರ ವಿಷಯ ಬೇರೆ. 5,000 ರೂಪಾಯಿವರೆಗಿನ ಲೇಟ್ ಫೀ, ತೆರಿಗೆ ಬಾಕಿಯಿದ್ದರೆ ತಿಂಗಳಿಗೆ ಶೇ. 1ರ ಬಡ್ಡಿ ಕಟ್ಟಿ ಬಿಲೇಟೆಡ್ ಹಾಕಿದರೆ ಅವರ ಕೆಲಸ ಮುಗಿಯಿತು. ಸುಮ್ನೆ ಮನ್ನಾ ಅರ್ಜಿಯ ತಲೆನೋವು ಬೇಡ.

ಯಾರಿಗೆ ಅರ್ಜಿ ಹಾಕಬೇಕು ಅನ್ನುವುದನ್ನು ಮಂಡಳಿಯ 2024ರ ಅಕ್ಟೋಬರ್ 1ರ ಸುತ್ತೋಲೆ ಹೇಳುತ್ತದೆ. ಅದರ ಸಂಖ್ಯೆ 11/2024. ಕೇಳುವ ನಷ್ಟ ಅಥವಾ ರೀಫಂಡ್ 1 ಕೋಟಿವರೆಗೆ ಇದ್ದರೆ ಪ್ರಿನ್ಸಿಪಲ್ ಕಮಿಷನರ್ ಮಟ್ಟದಲ್ಲೇ ತೀರ್ಮಾನ. ಆ ಅಸೆಸ್‌ಮೆಂಟ್ ವರ್ಷ (ಲೆಕ್ಕದ ವರ್ಷದ ಮುಂದಿನ ವರ್ಷ) ಮುಗಿದ ಮೇಲೆ ಐದು ವರ್ಷದೊಳಗೆ ಕೇಳಬೇಕು. ಐದು ವರ್ಷ ಇದೆಯಲ್ಲ ಅಂತ ಕೂರಬೇಡಿ. ಎದ್ದು ಓಡಾಡುವಂತಾದ ಮೇಲೂ ಯಾಕೆ ತಡ ಅಂತ ಕೇಳಿದರೆ ಉತ್ತರ ಕೊಡುವುದು ಕಷ್ಟ. ನಾನು ಮಾರ್ಚ್‌ನಲ್ಲೇ ಐಟಿ ಪೋರ್ಟಲ್‌ನ ಕಾಂಡೊನೇಷನ್ ರಿಕ್ವೆಸ್ಟ್ (ಮನ್ನಾ ಕೋರಿಕೆ) ವಿಭಾಗದಲ್ಲಿ ಅರ್ಜಿ ಹಾಕಿದೆ. ಒಂದು ಪ್ರತಿ ಕಚೇರಿಗೂ ಕೊಟ್ಟು ಸೀಲು ಹಾಕಿಸಿಕೊಂಡೆ.

ಆಡಿಟರ್ ಮೊದಲು ಬರೆದುಕೊಟ್ಟ ಅರ್ಜಿಯಲ್ಲಿ ಬರೀ ವಿನಮ್ರ ಪ್ರಾರ್ಥನೆಯೇ ಇತ್ತು. "ಸರ್, ಇದನ್ನು ಓದಿದವರಿಗೆ ನನ್ನ ಮೇಲೆ ಕನಿಕರ ಬರಬಹುದು, ಆರ್ಡರ್ ಬರಲ್ಲ" ಅಂದೆ. ಇಬ್ಬರೂ ಕೂತು ಒಂದೇ ಪುಟದ ಪಟ್ಟಿ ಮಾಡಿದೆವು. ಎಡಗಡೆ ತಾರೀಕು, ನಡುವೆ ಏನಾಯಿತು, ಬಲಗಡೆ ಅದರ ದಾಖಲೆ ಎಷ್ಟನೇ ಪುಟದಲ್ಲಿದೆ. ಅಡ್ಮಿಟ್ ಆದದ್ದು, ಡಿಸ್ಚಾರ್ಜ್, ಮತ್ತೆ ಅಡ್ಮಿಟ್, ಕಾಲೂರಬೇಡಿ ಅಂತ ಡಾಕ್ಟರ್ ಬರೆದ ಚೀಟಿ, ಫಿಸಿಯೋಥೆರಪಿ ರಸೀದಿ. ಆಮೇಲೆ ಲೆಕ್ಕ ಶುರು ಮಾಡಿದ ದಿನ, ಮುಗಿಸಿದ ದಿನ. ಖಾಲಿ ಬಿದ್ದ ತಿಂಗಳು ಒಂದೂ ಇರಬಾರದು. ಡಿಸ್ಚಾರ್ಜ್ ಕಾಗದದಲ್ಲಿ ಅಪ್ಪನ ಹೆಸರಿನ ಇನಿಷಿಯಲ್ ಮಾತ್ರ ಇತ್ತು, ಪ್ಯಾನ್‌ನಲ್ಲಿ ಪೂರ್ತಿ ಹೆಸರು. ಇಬ್ಬರೂ ಒಬ್ಬನೇ ಅಂತ ನೋಟರಿ ಅಫಿಡವಿಟ್ ಮಾಡಿಸಿ ಸೇರಿಸಿದೆ. ಜೊತೆಗೆ ಲಾಭ-ನಷ್ಟ ಪಟ್ಟಿ, ಬ್ಯಾಲೆನ್ಸ್ ಶೀಟ್, ಆದಾಯದ ಲೆಕ್ಕ, ನಮ್ಮ ಹೆಸರಿನಲ್ಲಿ ಹಿಡಿದ ತೆರಿಗೆ ತೋರಿಸುವ ಫಾರಂ 26ಎಎಸ್. ನಷ್ಟ ನಿಜವೇ ಅನ್ನುವುದನ್ನೂ ನೋಡುತ್ತಾರೆ, ಕಾರಣವೊಂದೇ ಸಾಲದು.

ಕಮಿಷನರ್ ಕಚೇರಿ ನಮ್ಮ ವಾರ್ಡಿನ ಐಟಿ ಅಧಿಕಾರಿಯಿಂದ ವರದಿ ಕೇಳಿತು. ನನ್ನ ಫೈಲಿಗೆ ಕಷ್ಟ ಬಂದದ್ದು ಅಲ್ಲೇ. "ಏನ್ರೀ, ಜಿಎಸ್‌ಟಿ ತಿಂಗಳು ತಿಂಗಳು ಹಾಕಿದ್ದೀರಿ. ಇದೊಂದು ಆಗಲಿಲ್ವಾ?" ಅಂದರು. ನ್ಯಾಯವಾದ ಪ್ರಶ್ನೆಯೇ. ಆಗ ಅಣ್ಣನ ಮಗ ಆ ತಿಂಗಳ ಮಾರಾಟ, ಖರೀದಿ ಬಿಲ್ ನೋಡಿ ಜಿಎಸ್‌ಟಿ ತುಂಬುತ್ತಿದ್ದ. ನಾನು ತುಂಬಬೇಕಿದ್ದ ಆದಾಯ ತೆರಿಗೆ ರಿಟರ್ನ್ ಫಾರಂ ಐಟಿಆರ್-3 ಅಂದರೆ ಮಾರ್ಚ್ 31ಕ್ಕೆ ಉಳಿದ ಕಾಗದದ ದಾಸ್ತಾನು ಬೇಕು. ಮೆಷಿನ್ ಸಾಲದ ಬಡ್ಡಿ ಎಷ್ಟು, ಅಸಲೆಷ್ಟು ಅಂತ ಬಿಡಿಸಬೇಕು. ಯಾರಿಂದ ಎಷ್ಟು ಬರಬೇಕು, ಅದರಲ್ಲಿ ಎಷ್ಟು ಬರುವುದಿಲ್ಲ ಅನ್ನುವುದು ಗೊತ್ತಿರಬೇಕು. ಇದನ್ನೇ ಬರೆದು, ಅವನ ಹೇಳಿಕೆ ಜೊತೆಗೆ ಪೋರ್ಟಲ್‌ನಲ್ಲಿ ಹಾಕಿದೆ. ವಿಳಂಬ ಮನ್ನಿಸುವ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1987ರ ಕಟೀಜಿ ತೀರ್ಪನ್ನೂ ಆಡಿಟರ್ ಸೇರಿಸಿದರು. ಪ್ರತಿ ದಿನದ ವಿಳಂಬಕ್ಕೂ ವಿವರಣೆ ಬೇಕು ಅನ್ನುವುದಾದರೆ ಪ್ರತಿ ಗಂಟೆ, ಪ್ರತಿ ಸೆಕೆಂಡಿಗೂ ಯಾಕೆ ಬೇಡ ಅಂತ ಅದರಲ್ಲಿ ಕೋರ್ಟೇ ಕೇಳಿದೆ. ತೀರ್ಪು ಕೈಯಲ್ಲಿದ್ದರೆ ಧೈರ್ಯ. ಆದರೂ ನನ್ನ ಕೇಸಿನಲ್ಲಿ ಕೆಲಸ ಮಾಡಿದ್ದು ಆ ಒಂದು ಪುಟದ ಪಟ್ಟಿಯೇ ಅಂತ ನನ್ನ ನಂಬಿಕೆ.

ಅರ್ಜಿ ಬಂದ ತಿಂಗಳ ಕೊನೆಯಿಂದ ಆರು ತಿಂಗಳೊಳಗೆ ಆದಷ್ಟೂ ಇತ್ಯರ್ಥ ಮಾಡಬೇಕು ಅಂತ ಸುತ್ತೋಲೆಯಲ್ಲಿದೆ. ನನ್ನದು ಅಷ್ಟರೊಳಗೇ ಆಯಿತು. ಆರ್ಡರ್ ಬಂದ ಮೇಲೆ ರಿಟರ್ನ್ ಹಾಕುವುದು ಬಾಕಿ ಇರುತ್ತದೆ, ಅದನ್ನು ಮರೆಯಬೇಡಿ. ಹಾಕುವಾಗ 119(2)(ಬಿ) ಆಯ್ಕೆ ಮಾಡಿ, ಆರ್ಡರಿನ ನಂಬರು, ತಾರೀಕು ತುಂಬಬೇಕು. ಬಿಲೇಟೆಡ್ ಅಂತ ಒತ್ತಿದರೆ ಇಷ್ಟು ಓಡಾಡಿದ್ದೂ ದಂಡ. ಒಂದು ಕಾಲೇಜಿನ ಬಿಲ್ಲಿನಲ್ಲಿ ತೆರಿಗೆಯಾಗಿ ಮೊದಲೇ ಹಿಡಿದಿದ್ದ ದುಡ್ಡು (ಟಿಡಿಎಸ್) ಕೂಡ ವಾಪಸ್ ಬಂತು, ಬಡ್ಡಿ ಇಲ್ಲದೆ. ತಡವಾಗಿ ಕೇಳಿದ ರೀಫಂಡಿಗೆ ಬಡ್ಡಿ ಇಲ್ಲ ಅಂತ ಅದೇ ಸುತ್ತೋಲೆ ಹೇಳುತ್ತದೆ. ಇನ್ನು ಮುಂದಿನ ವರ್ಷದ ರಿಟರ್ನ್ ತುಂಬುವಾಗ ಸಿಎಫ್‌ಎಲ್ ಶೆಡ್ಯೂಲ್‌ನಲ್ಲಿ (ಮುಂದಕ್ಕೆ ಒಯ್ಯುವ ನಷ್ಟದ ಪಟ್ಟಿಯಲ್ಲಿ) ಈ ನಷ್ಟ ಬಂದಿದೆಯಾ ಅಂತ ನೋಡಿಕೊಳ್ಳಿ. ರಿಟರ್ನ್ ಹಾಕಿದ ತಾರೀಕನ್ನು ಅಲ್ಲೂ ಕೇಳುತ್ತದೆ, ಆರ್ಡರಿನ ಪ್ರತಿ ಕೈಗೆ ಸಿಗುವ ಹಾಗೆ ಇಟ್ಟುಕೊಂಡೇ ಕೂರಿ.